ಕೊಬ್ಬಿನ ಪ್ರೋಟೀನು, ಜಿಡ್ಡಿನ ಲೆಕ್ಕ, ಬೊಜ್ಜು: ಮಲೆನಾಡಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳಿಕೊಟ್ಟವಳು. ಈಗ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಮಹಿಳಾ ಸಂಘದವರು ಕರೆದರೆ ಹೋಗಿ ಬೊಜ್ಜು, ಸಕ್ಕರೆ ಕಾಯಿಲೆ ಬಗ್ಗೆ ಮಾತಾಡುತ್ತೇನೆ. ಭಾಷಣ ಮುಗಿದು ಕಾಫಿ ಲೋಟ ಕೈಗೆ ಬಂದ ಮೇಲೆ ನಿಜವಾದ ಪ್ರಶ್ನೆಗಳು ಶುರುವಾಗುತ್ತವೆ. ಅವನ್ನೇ ಇಲ್ಲಿ ಕೂಡಿಸಿದ್ದೇನೆ. ಕೇಳಿದವರ ಮಾತನ್ನು ಆದಷ್ಟು ಹಾಗೇ ಇಟ್ಟಿದ್ದೇನೆ.

ಕೊಬ್ಬು ಅಂದ್ರೆ ಸುಮ್ನೆ ಜಿಡ್ಡಿನ ಮುದ್ದೆ ಅಲ್ವಾ? ಅದರಲ್ಲಿ ಪ್ರೋಟೀನಿಗೇನು ಕೆಲಸ?

ಜಿಡ್ಡು ಇರುವುದು ನಿಜ. ಮುದ್ದೆ ಮಾತ್ರ ಅಲ್ಲ. ಕೊಬ್ಬಿನ ತೆಳು ಪದರವೊಂದನ್ನು ಮೈಕ್ರೋಸ್ಕೋಪಿನ ಕೆಳಗೆ ಇಟ್ಟರೆ ಜೇನಿನ ಎರಿಯ ಹಾಗೆ ಕಾಣುತ್ತದೆ. ಒಂದೊಂದು ಕೋಣೆಯೂ ಒಂದು ಜೀವಕೋಶ. ಸ್ಲೈಡ್ ತಯಾರಿಸುವಾಗ ಒಳಗಿನ ಎಣ್ಣೆ ಕರಗಿ ಹೋಗಿರುತ್ತದೆ, ಹಾಗಾಗಿ ಜೇನು ಹಿಂಡಿದ ಮೇಲೆ ಉಳಿದ ಎರಿಯ ಥರ ಖಾಲಿ ಖಾಲಿ. ಬದುಕಿದ್ದಾಗ ಕೋಶದ ತುಂಬ ಒಂದೇ ದೊಡ್ಡ ಎಣ್ಣೆ ಹನಿ. ನ್ಯೂಕ್ಲಿಯಸ್ಸಿಗೆ ಜಾಗವೇ ಇಲ್ಲ. ರಶ್ಶಿನ ಬಸ್ಸಿನಲ್ಲಿ ಕಿಟಕಿಗೆ ಒತ್ತಿಕೊಂಡು ಕೂತವರ ಹಾಗೆ ಅದು ಕೋಶದ ಅಂಚಿಗೆ ಅಂಟಿಕೊಂಡಿರುತ್ತದೆ. ನನ್ನ ವಿದ್ಯಾರ್ಥಿಗಳು ಮೊದಲ ಸಲ ನೋಡಿದಾಗ "ಮೇಡಂ, ಇದರಲ್ಲಿ ಏನೂ ಇಲ್ವಲ್ಲ" ಅನ್ನುತ್ತಿದ್ದರು.

ಇದೆ. ಆ ಹನಿಯ ಸುತ್ತಲೂ, ಕೋಶದ ಪೊರೆಯಲ್ಲೂ, ಹೊರಗಿನ ರಕ್ತನಾಳದಲ್ಲೂ ಪ್ರೋಟೀನುಗಳು ದುಡಿಯುತ್ತಿರುತ್ತವೆ. ನಮ್ಮ ಕಡೆಯ ಹಳೇ ಮನೆಯ ಕಣಜ ನೆನಪಿಸಿಕೊಳ್ಳಿ. ಕಣಜ ತನ್ನಷ್ಟಕ್ಕೆ ತಾನು ತುಂಬುವುದಿಲ್ಲ. ಗದ್ದೆಯಿಂದ ಹೊತ್ತು ತರುವವರು ಬೇಕು. ಅಳೆದು ಸುರಿಯುವವರು ಬೇಕು. ಬಾಗಿಲು ಕಾಯುವವರು ಬೇಕು. "ಇನ್ನು ಹದಿನೈದು ದಿನಕ್ಕೆ ಅಕ್ಕಿ ಸಾಲದು" ಅಂತ ಒಳಗೆ ಬಂದು ಹೇಳುವವರು ಬೇಕು. ಕೊಬ್ಬಿನಲ್ಲಿ ಈ ಎಲ್ಲ ಕೆಲಸ ಮಾಡುವುದು ಪ್ರೋಟೀನು. ಕೆಲವು ರಕ್ತಕ್ಕೆ ಇಳಿದು ಮೆದುಳು, ಲಿವರ್, ಸ್ನಾಯುಗಳಿಗೆ ಸುದ್ದಿ ಒಯ್ಯುತ್ತವೆ. ಅವಕ್ಕೆ ಅಡಿಪೊಕೈನ್ ಅಂತ ಹೆಸರು.

ಕಡುಬಿಗೆ ಹಾಕಿಕೊಂಡ ತುಪ್ಪ ಸೊಂಟಕ್ಕೆ ಹೋಗಿ ಕೂರುವುದು ಹೇಗೆ?

ನೇರವಾಗಿ ಹೋಗಿ ಕೂರುವುದಿಲ್ಲ. ಕರುಳಿನಲ್ಲಿ ತುಪ್ಪ ಒಡೆದು, ಕರುಳಿನ ಕೋಶದೊಳಗೆ ಮತ್ತೆ ಜೋಡಣೆಯಾಗಿ, ಕೈಲೊಮೈಕ್ರಾನ್ ಅನ್ನುವ ಪುಟ್ಟ ಪುಟ್ಟ ಹನಿಗಳಾಗುತ್ತದೆ. ಈ ಹನಿಗಳಿಗೆ ಪ್ರೋಟೀನಿನ ಹೊದಿಕೆ ಇರುತ್ತದೆ, ಇಲ್ಲದಿದ್ದರೆ ಜಿಡ್ಡು ನೀರಿನಂಥ ರಕ್ತದಲ್ಲಿ ಬೆರೆಯುವುದಿಲ್ಲ. ಭರ್ಜರಿ ಊಟ ಮಾಡಿ ಮೂರು ನಾಲ್ಕು ಗಂಟೆ ಆದ ಮೇಲೆ ರಕ್ತ ತೆಗೆದು ಸ್ವಲ್ಪ ಹೊತ್ತು ಇಟ್ಟು ನೋಡಿ. ಮೇಲೆ ನಿಲ್ಲುವ ತಿಳಿ ಭಾಗ ನೀರು ಬೆರೆಸಿದ ಹಾಲಿನ ಹಾಗೆ ಮಬ್ಬಾಗಿರುತ್ತದೆ. ಆ ಮಬ್ಬು ನೀವು ತಿಂದ ತುಪ್ಪವೇ. ಟ್ರೈಗ್ಲಿಸರೈಡ್, ಅಂದರೆ ರಕ್ತದಲ್ಲಿರುವ ಜಿಡ್ಡು, ನೋಡುವುದಿದ್ದರೆ ಸಾಮಾನ್ಯವಾಗಿ ಖಾಲಿ ಹೊಟ್ಟೆಯಲ್ಲಿ ಬನ್ನಿ ಅನ್ನುವುದು ಇದೇ ಕಾರಣಕ್ಕೆ.

ಆ ಮಬ್ಬನ್ನು ತಿಳಿ ಮಾಡುವುದು ಲಿಪೊಪ್ರೋಟೀನ್ ಲೈಪೇಸ್ ಅನ್ನುವ ಕಿಣ್ವ, ಅಂದರೆ ಜಿಡ್ಡು ಒಡೆಯುವ ಪ್ರೋಟೀನು. ಇದು ತಯಾರಾಗುವುದು ಕೊಬ್ಬಿನ ಕೋಶದ ಒಳಗೆ, ಕೆಲಸ ಮಾಡುವುದು ಹೊರಗೆ. ಸೂಕ್ಷ್ಮ ರಕ್ತನಾಳದ ಗೋಡೆಗೆ ಬಂದು ನಿಲ್ಲುತ್ತದೆ. ಜಿಪಿಐಎಚ್‌ಬಿಪಿ1 ಅನ್ನುವ ಇನ್ನೊಂದು ಪ್ರೋಟೀನು ಅದನ್ನು ಅಲ್ಲಿ ಕೈಹಿಡಿದು ನಿಲ್ಲಿಸಿಕೊಂಡಿರುತ್ತದೆ. ಹಾದುಹೋಗುವ ಹನಿಗಳನ್ನು ಲೈಪೇಸ್ ಒಡೆಯುತ್ತದೆ. ಬಿಡಿಯಾದ ಕೊಬ್ಬಿನಾಮ್ಲ ಸಿಡಿ36 ಮುಂತಾದ ಪ್ರೋಟೀನಿನ ನೆರವಿನಿಂದ ಕೋಶದ ಒಳಗೆ ಹೋಗುತ್ತದೆ. ಒಳಗೆ ಎಫ್‌ಎಬಿಪಿ4 ಅನ್ನುವ ಆಳು ಅದನ್ನು ಹೊತ್ತು ತಲುಪಿಸುತ್ತದೆ. ಮೂರು ಕೊಬ್ಬಿನಾಮ್ಲ ಒಂದು ಗ್ಲಿಸರಾಲಿಗೆ ಸೇರಿ ಮತ್ತೆ ಟ್ರೈಗ್ಲಿಸರೈಡ್ ಆಗಿ ಹನಿಯೊಳಗೆ ಬೀಳುತ್ತದೆ.

ಹುಟ್ಟಿನಿಂದಲೇ ಈ ಲೈಪೇಸ್ ಇಲ್ಲದ ಕೆಲವರಿದ್ದಾರೆ. ಬಹಳ ಅಪರೂಪ. ಅವರ ರಕ್ತ ಖಾಲಿ ಹೊಟ್ಟೆಯಲ್ಲೂ ಹಾಲಿನಂತಿರುತ್ತದೆ, ಪ್ಯಾಂಕ್ರಿಯಾಸ್ ಊದಿಕೊಂಡು ಜೀವಕ್ಕೇ ಬರಬಹುದು. ಅಂದರೆ ಕೊಬ್ಬನ್ನು ಸರಿಯಾದ ಜಾಗದಲ್ಲಿ ಕೂಡಿಡುವುದು ರೋಗವಲ್ಲ, ಅದು ದೇಹ ನಮಗೆ ಮಾಡುವ ಉಪಕಾರ. ಈ ಮಾತು ಮುಂದೆ ಮತ್ತೆ ಬರುತ್ತದೆ.

ನಾವು ಜಿಡ್ಡು ಜಾಸ್ತಿ ತಿನ್ನುವುದಿಲ್ಲ. ಅನ್ನ, ಅಕ್ಕಿ ರೊಟ್ಟಿ ಅಷ್ಟೇ. ಆದರೂ ಹೊಟ್ಟೆ ಯಾಕೆ?

ಅನ್ನ ತಿಂದಾಗ ಇನ್ಸುಲಿನ್ ಏರುತ್ತದೆ. ಇನ್ಸುಲಿನ್ ಕೊಬ್ಬಿನ ಕೋಶಕ್ಕೆ ಹೇಳುವ ಮಾತು ಒಂದೇ: ಒಳಗೆ ತಗೋ, ಹೊರಗೆ ಬಿಡಬೇಡ. ಆಗ ದೇಹ ಅನ್ನದ ಸಕ್ಕರೆಯನ್ನು ಉರಿಸುತ್ತದೆ, ಕೊಬ್ಬು ಇದ್ದಲ್ಲೇ ಉಳಿಯುತ್ತದೆ. ಮಿಕ್ಕಿದ್ದರಲ್ಲಿ ಸ್ವಲ್ಪವನ್ನು ಲಿವರ್ ಕೊಬ್ಬು ಮಾಡಿ ಕಳಿಸುತ್ತದೆ. ಒಂದು ಗ್ರಾಂ ಕೊಬ್ಬಿಗೆ 9 ಕ್ಯಾಲೊರಿ, ಒಂದು ಗ್ರಾಂ ಪಿಷ್ಟಕ್ಕೆ 4. ಆದರೆ ತಟ್ಟೆ ತುಂಬ ಅನ್ನವಿದ್ದು, ಪಕ್ಕದಲ್ಲಿ ಒಂದು ಚಮಚ ಪಲ್ಯ ಇದ್ದರೆ ಲೆಕ್ಕ ಎಲ್ಲಿಗೆ ಹೋಗುತ್ತದೆ ಅಂತ ಬೇರೆ ಹೇಳಬೇಕಿಲ್ಲ.

ಹಾಗೆ ಕೂತ ಕೊಬ್ಬನ್ನು ಹೊರಗೆ ತೆಗೆಯುವುದು ಯಾರು?

ನನಗೆ ತುಂಬ ಇಷ್ಟದ ಪ್ರಶ್ನೆ ಇದು. ಎಣ್ಣೆ ಹನಿಯ ಮೈಮೇಲೆ ಪೆರಿಲಿಪಿನ್ ಅನ್ನುವ ಪ್ರೋಟೀನು ಹೊದಿಕೆಯ ಹಾಗೆ ಹರಡಿಕೊಂಡಿರುತ್ತದೆ. ಇದನ್ನು ಗುರುತಿಸಿದ್ದು 1991ರಲ್ಲಿ. ಇದೇ ಕಣಜದ ಕಾವಲುಗಾರ. ಸುಮ್ಮನಿದ್ದಾಗ ಯಾರನ್ನೂ ಹನಿಯ ಹತ್ತಿರ ಬಿಡುವುದಿಲ್ಲ.

ಈಗ ಅಡಿಕೆ ಕೊನೆಕೊಯ್ಲಿನ ದಿನ ಅಂದುಕೊಳ್ಳಿ. ಬೆಳಿಗ್ಗೆ ಕೊನೆಗಾರ ಮರ ಹತ್ತುತ್ತಾನೆ. ನಲವತ್ತು ಅಡಿ ಮೇಲೆ ಹೋಗಿ, ಕೊನೆ ಇಳಿಸಿ, ಮರ ಬಾಗಿಸಿ ಪಕ್ಕದ ಮರಕ್ಕೆ ದಾಟುತ್ತಾನೆ. ನೋಡುವ ನಮಗೇ ಎದೆ ಝಲ್ ಅನ್ನುತ್ತದೆ. ಅವನ ಮೈಯಲ್ಲಿ ಅಡ್ರಿನಲಿನ್, ನಾರ್‌ಅಡ್ರಿನಲಿನ್ ಏರಿರುತ್ತದೆ. ಆ ಸಂದೇಶ ಕೊಬ್ಬಿನ ಕೋಶಕ್ಕೆ ಮುಟ್ಟಿದ ಕೂಡಲೇ ಪೆರಿಲಿಪಿನ್ ಮೇಲೆ ಫಾಸ್ಫೇಟಿನ ಗುರುತು ಬೀಳುತ್ತದೆ. ಕಾವಲುಗಾರ ಬದಿಗೆ ಸರಿದ ಹಾಗೆ ಅದು. ಅಷ್ಟೇ ಅಲ್ಲ, ತಾನು ಹಿಡಿದಿಟ್ಟುಕೊಂಡಿದ್ದ ಸಿಜಿಐ-58 ಅನ್ನುವ ಸಹಾಯಕನನ್ನೂ ಬಿಟ್ಟುಕೊಡುತ್ತದೆ. ಅದು ಹೋಗಿ ಎಟಿಜಿಎಲ್ ಅನ್ನುವ ಕಿಣ್ವವನ್ನು ಎಬ್ಬಿಸುತ್ತದೆ. ಎಟಿಜಿಎಲ್ ಟ್ರೈಗ್ಲಿಸರೈಡಿನಿಂದ ಮೊದಲ ಕೊಬ್ಬಿನಾಮ್ಲ ಕಿತ್ತರೆ, ಎಚ್‌ಎಸ್‌ಎಲ್ ಅನ್ನುವ ಇನ್ನೊಂದು ಕಿಣ್ವ ಎರಡನೆಯದನ್ನು ಕೀಳುತ್ತದೆ, ಎಂಜಿಎಲ್ ಮೂರನೆಯದನ್ನು. ಮೂರೂ ಬಿಡಿಯಾಗಿ ರಕ್ತಕ್ಕೆ ಬಂದು ಸ್ನಾಯು ತಲುಪುತ್ತವೆ.

ಎಚ್‌ಎಸ್‌ಎಲ್ 1960ರ ದಶಕದಿಂದಲೇ ಗೊತ್ತಿತ್ತು. ಎಲ್ಲ ಕೆಲಸ ಅದರದೇ ಅಂತ ನಂಬಿಕೊಂಡಿದ್ದರು. ಆದರೆ ಎಚ್‌ಎಸ್‌ಎಲ್ ಇಲ್ಲದ ಇಲಿಗಳೂ ಕೊಬ್ಬು ಕರಗಿಸುತ್ತಿದ್ದವು. ಹಾಗಾದರೆ ಮೊದಲ ಕೈ ಹಾಕುವವನು ಬೇರೆ ಯಾರೋ ಇರಬೇಕು ಅಂತ ಹುಡುಕಿದರು. ಆಸ್ಟ್ರಿಯಾದ ಗ್ರಾಝ್ ಊರಿನ ತಂಡ ಎಟಿಜಿಎಲ್ ಅನ್ನು ಪತ್ತೆ ಹಚ್ಚಿದ್ದು 2004ರಲ್ಲಿ. ನಾನು ಪಾಠ ಶುರು ಮಾಡಿದಾಗ ಈ ಹೆಸರೇ ಪುಸ್ತಕದಲ್ಲಿ ಇರಲಿಲ್ಲ.

ಊಟ ಮಾಡಿದಾಗ ಇನ್ಸುಲಿನ್ ಬಂದು ಈ ಬಾಗಿಲನ್ನು ಮತ್ತೆ ಮುಚ್ಚುತ್ತದೆ. ಗಂಟೆಗೊಮ್ಮೆ ಸಿಹಿ ಚಹಾ, ಜೊತೆಗೆ ಬಿಸ್ಕತ್ತು ಅಂತ ಬಾಯಾಡಿಸುತ್ತಲೇ ಇದ್ದರೆ ಬಾಗಿಲು ತೆರೆಯಲು ಪುರುಸೊತ್ತು ಕಡಿಮೆ.

ದಪ್ಪ ಇರುವವರು ಬಾಯಿ ಕಟ್ಟಿದರೆ ಆಯ್ತು. ಇದರಲ್ಲಿ ಪ್ರೋಟೀನಿನ ತಪ್ಪೇನು?

ಈ ಪ್ರಶ್ನೆ ಕೇಳುವಾಗ ಸಭೆಯಲ್ಲಿ ಯಾರೋ ಒಬ್ಬರು ತಲೆ ತಗ್ಗಿಸುತ್ತಾರೆ. ಪ್ರತಿ ಸಲ ನೋಡಿದ್ದೇನೆ. ಅದಕ್ಕೇ ಇದಕ್ಕೆ ಉದ್ದವಾಗಿ ಉತ್ತರಿಸುತ್ತೇನೆ.

ಅಮೆರಿಕದ ಜ್ಯಾಕ್ಸನ್ ಪ್ರಯೋಗಾಲಯದಲ್ಲಿ 1949ರಲ್ಲಿ ಒಂದು ವಿಚಿತ್ರ ಇಲಿ ಕಾಣಿಸಿಕೊಂಡಿತು. ಎಷ್ಟು ತಿಂದರೂ ಹಸಿವು ಹೋಗದು. ಬೇರೆ ಇಲಿಗಳ ಮೂರು ಪಟ್ಟು ತೂಕ. ಮುಂದೆ ಅಂಥದ್ದೇ ಇನ್ನೊಂದು ತಳಿಯೂ ಸಿಕ್ಕಿತು, ಅದಕ್ಕೆ ಬೊಜ್ಜಿನ ಜೊತೆ ಸಕ್ಕರೆ ಕಾಯಿಲೆ ಜೋರಾಗಿತ್ತು. ಅಲ್ಲಿ ಕೆಲಸ ಮಾಡುತ್ತಿದ್ದ ಡಗ್ಲಸ್ ಕೋಲ್ಮನ್ ಎರಡು ಇಲಿಗಳನ್ನು ಪಕ್ಕಕ್ಕೆ ಪಕ್ಕ ಹೊಲಿದು, ಒಂದರ ರಕ್ತ ಇನ್ನೊಂದಕ್ಕೆ ಹರಿಯುವ ಹಾಗೆ ಮಾಡಿದರು. ಮೊದಲ ತಳಿಯ ದಪ್ಪ ಇಲಿಯನ್ನು ಮಾಮೂಲಿ ಇಲಿಗೆ ಜೋಡಿಸಿದರೆ ದಪ್ಪ ಇಲಿ ತಿನ್ನುವುದನ್ನು ಕಡಿಮೆ ಮಾಡಿತು. ಎರಡನೇ ತಳಿಯ ದಪ್ಪ ಇಲಿಯನ್ನು ಮಾಮೂಲಿ ಇಲಿಗೆ ಜೋಡಿಸಿದರೆ ಮಾಮೂಲಿ ಇಲಿಯೇ ಊಟ ಬಿಟ್ಟು ಸತ್ತುಹೋಯಿತು. ಕೋಲ್ಮನ್ ಯೋಚಿಸಿದ್ದು ಹೀಗೆ: ರಕ್ತದಲ್ಲಿ "ಸಾಕು" ಅನ್ನುವ ಒಂದು ವಸ್ತು ಇದೆ. ಮೊದಲ ಇಲಿಗೆ ಅದನ್ನು ತಯಾರಿಸಲು ಬರುವುದಿಲ್ಲ. ಎರಡನೆಯದು ಬೇಕಾದಷ್ಟು ತಯಾರಿಸುತ್ತದೆ, ಆದರೆ ಅದಕ್ಕೆ ಕೇಳಿಸುವುದಿಲ್ಲ.

ಆ ವಸ್ತು ಸಿಕ್ಕಿದ್ದು 1994ರಲ್ಲಿ. ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದ ಜೆಫ್ರಿ ಫ್ರೀಡ್‌ಮನ್ ತಂಡ ಅದರ ಜೀನನ್ನು ಹಿಡಿಯಿತು. ತೆಳ್ಳಗೆ ಅನ್ನುವ ಅರ್ಥದ ಗ್ರೀಕ್ ಪದ ಲೆಪ್ಟೋಸ್, ಅದರಿಂದ ಲೆಪ್ಟಿನ್ ಅಂತ ಹೆಸರಿಟ್ಟರು. ಎಲ್ಲರೂ ಬೆರಗಾಗಿದ್ದು ಏಕೆಂದರೆ ಲೆಪ್ಟಿನ್ ತಯಾರಾಗುವುದು ಮೆದುಳಿನಲ್ಲಲ್ಲ, ಹೊಟ್ಟೆಯಲ್ಲಲ್ಲ, ಮುಖ್ಯವಾಗಿ ಕೊಬ್ಬಿನಲ್ಲಿ! ಕಣಜವೇ ಅಡುಗೆ ಮನೆಗೆ ಹೇಳಿಕಳಿಸುತ್ತಿತ್ತು. 2010ರಲ್ಲಿ ಕೋಲ್ಮನ್, ಫ್ರೀಡ್‌ಮನ್ ಇಬ್ಬರಿಗೂ ವೈದ್ಯಕೀಯ ಸಂಶೋಧನೆಗೆ ಕೊಡುವ ಲಾಸ್ಕರ್ ಪ್ರಶಸ್ತಿ ಬಂತು.

ಮನುಷ್ಯರಲ್ಲೂ ಹೀಗೆ ಆಗುತ್ತದೆಯೇ? 1997ರಲ್ಲಿ ಇಂಗ್ಲೆಂಡಿನ ಕೇಂಬ್ರಿಡ್ಜಿನ ವೈದ್ಯರು ಪಾಕಿಸ್ತಾನ ಮೂಲದ ಒಂದು ಕುಟುಂಬದ ಇಬ್ಬರು ಮಕ್ಕಳ ವಿಷಯ ಪ್ರಕಟಿಸಿದರು. ಎಂಟು ವರ್ಷದ ಹುಡುಗಿ 86 ಕೆಜಿ. ಎರಡು ವರ್ಷದ ಹುಡುಗ 29 ಕೆಜಿ. ಇಬ್ಬರಿಗೂ ಲೆಪ್ಟಿನ್ ಇರಲಿಲ್ಲ. ಮುಂದೆ ಆ ಹುಡುಗಿಗೆ ಲೆಪ್ಟಿನ್ ಇಂಜೆಕ್ಷನ್ ಕೊಟ್ಟಾಗ ಹಸಿವು ಇಳಿಯಿತು, ಒಂದು ವರ್ಷದಲ್ಲಿ 16 ಕೆಜಿಗೂ ಹೆಚ್ಚು ಕಡಿಮೆಯಾಯಿತು. ಯೋಚಿಸಿ ನೋಡಿ. ಆ ಮಗುವಿಗೆ "ಬಾಯಿ ಕಟ್ಟು" ಅಂತ ಎಷ್ಟು ಜನ ಬೈದಿರಬಹುದು? ಅದಕ್ಕೆ ಕೊರತೆ ಇದ್ದದ್ದು ಮನೋಬಲದ್ದಲ್ಲ, ಒಂದು ಪ್ರೋಟೀನಿನದು.

ಹಾಗಾದರೆ ನಮಗೂ ಲೆಪ್ಟಿನ್ ಇಂಜೆಕ್ಷನ್ ಕೊಡಬಹುದಲ್ಲ?

ಆ ಆಸೆ ಎಲ್ಲರಿಗೂ ಇತ್ತು. ಆದರೆ ಬೊಜ್ಜು ಇರುವ ಬಹುತೇಕ ಜನರ ರಕ್ತದಲ್ಲಿ ಲೆಪ್ಟಿನ್ ಕಡಿಮೆ ಇಲ್ಲ, ಜಾಸ್ತಿಯೇ ಇದೆ. ಕೊಬ್ಬು ಹೆಚ್ಚಿದಷ್ಟೂ ಲೆಪ್ಟಿನ್ ಹೆಚ್ಚುತ್ತದೆ. ಮೆದುಳು ಅದಕ್ಕೆ ಕಿವಿಗೊಡುವುದು ಕಡಿಮೆಯಾಗಿರುತ್ತದೆ. ಪಕ್ಕದಲ್ಲೇ ದಿನವಿಡೀ ಅಕ್ಕಿ ಗಿರಣಿ ಓಡುತ್ತಿದ್ದರೆ ಆ ಸದ್ದು ಕಿವಿಗೆ ಬೀಳದಂತಾಗುತ್ತದಲ್ಲ, ಹಾಗೆ. ಅಂಥವರಿಗೆ ಇನ್ನಷ್ಟು ಲೆಪ್ಟಿನ್ ಕೊಟ್ಟು ಹೆಚ್ಚೇನೂ ಪ್ರಯೋಜನವಾಗಲಿಲ್ಲ.

ಒಂದು ಗುಂಪಿಗೆ ಮಾತ್ರ ಅದು ವರವಾಯಿತು: ಮೈಯಲ್ಲಿ ಕೊಬ್ಬೇ ಬೆಳೆಯದ ಲಿಪೊಡಿಸ್ಟ್ರೊಫಿ ಇರುವವರಿಗೆ. ಅವರು ಕಡ್ಡಿಯ ಹಾಗಿರುತ್ತಾರೆ, ಆದರೆ ಲಿವರ್ ತುಂಬ ಕೊಬ್ಬು, ರಕ್ತದಲ್ಲಿ ಟ್ರೈಗ್ಲಿಸರೈಡ್ ವಿಪರೀತ, ಜೊತೆಗೆ ಸಕ್ಕರೆ ಕಾಯಿಲೆ. ಕಣಜ ಇಲ್ಲದ ಮನೆಯಲ್ಲಿ ಭತ್ತ ಜಗುಲಿ, ಅಡುಗೆಮನೆ, ದೇವರಮನೆ ಎಲ್ಲ ಕಡೆ ಬಿದ್ದ ಹಾಗೆ. ಪ್ರಯೋಗಾಲಯದಲ್ಲಿ ತಯಾರಿಸಿದ ಲೆಪ್ಟಿನ್ ಔಷಧಿಗೆ ಅಮೆರಿಕದಲ್ಲಿ 2014ರಲ್ಲಿ ಒಪ್ಪಿಗೆ ಸಿಕ್ಕಿದ್ದು ಇವರಿಗೋಸ್ಕರ.

ನಮ್ಮಪ್ಪ ತೆಳ್ಳಗೇ ಇದ್ದಾರೆ. ಅವರಿಗೆ ಹೇಗೆ ಸಕ್ಕರೆ ಕಾಯಿಲೆ ಬಂತು?

ನನ್ನ ಅಪ್ಪನದೂ ಇದೇ ಕತೆ. ತೋಟದಲ್ಲಿ ದುಡಿದ ಮೈ. ಕೈಕಾಲು ಸಣ್ಣ, ತೂಕ 58 ಕೆಜಿ. ಪಂಚೆಯ ಮೇಲೆ ಮಾತ್ರ ಒಂದು ಸಣ್ಣ ಗುಡ್ಡದಂತೆ ಹೊಟ್ಟೆ. ಸುಸ್ತು ಅಂತ ತೋರಿಸಲು ಹೋದಾಗ ಒಬ್ಬ ಡಾಕ್ಟರು "ಇಷ್ಟು ತೆಳ್ಳಗಿದ್ದೀರಿ, ನಿಮಗೇನು ಶುಗರ್ ಬರುತ್ತೆ" ಅಂದು ಟಾನಿಕ್ ಬರೆದು ಕಳಿಸಿದ್ದರು. ರಕ್ತ ನೋಡಲೇ ಇಲ್ಲ. ಎರಡು ವರ್ಷದ ಮೇಲೆ ಕಾಲಿನ ಗಾಯ ಮಾಗದೇ ಹೋದಾಗ ವಿಷಯ ಹೊರಬಿತ್ತು. ಆ ಎರಡು ವರ್ಷ ನೆನಪಾದರೆ ಈಗಲೂ ಸಂಕಟವಾಗುತ್ತದೆ.

ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಇದನ್ನು ಬಹಳ ಕಾಲ ಅಧ್ಯಯನ ಮಾಡಿದವರು. 2004ರಲ್ಲಿ ಅವರೂ ಲಂಡನ್ನಿನ ಜಾನ್ ಯುಡ್ಕಿನ್ ಅವರೂ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ತಮ್ಮದೇ ಫೋಟೊ ಹಾಕಿಕೊಂಡರು. ಇಬ್ಬರದೂ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಲೆಕ್ಕ, 22.3. ಆದರೆ ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇ. 9.1, ಯಾಜ್ಞಿಕ್ ಮೈಯಲ್ಲಿ ಶೇ. 21.2. ತಕ್ಕಡಿ ಇಬ್ಬರನ್ನೂ ಒಂದೇ ಅಂದಿತ್ತು.

ಇಲ್ಲಿ ಬರುವ ಪ್ರೋಟೀನು ಅಡಿಪೊನೆಕ್ಟಿನ್. ಇದೂ ಕೊಬ್ಬಿನದೇ ಮಗು, ಆದರೆ ನಡತೆ ಲೆಪ್ಟಿನ್ನಿಗೆ ತಿರುಗಾಮುರುಗಾ. ಕೊಬ್ಬಿನ ಕೋಶ ಆರೋಗ್ಯವಾಗಿ, ಸಣ್ಣದಾಗಿ ಇದ್ದಾಗ ಜಾಸ್ತಿ ಬರುತ್ತದೆ. ಕೋಶ ಊದಿ ಬಿಗಿದುಕೊಂಡರೆ ಕಡಿಮೆಯಾಗುತ್ತದೆ. ಅಡಿಪೊನೆಕ್ಟಿನ್ ಲಿವರಿಗೂ ಸ್ನಾಯುವಿಗೂ "ಕೊಬ್ಬಿನಾಮ್ಲ ಉರಿಸು, ಇನ್ಸುಲಿನ್ ಮಾತು ಕೇಳು" ಅಂತ ಹೇಳುತ್ತದೆ. ಅದು ಇಳಿದರೆ ಲಿವರ್ ಕೊಬ್ಬು ಕಟ್ಟುತ್ತದೆ, ಸಕ್ಕರೆ ಏರುತ್ತದೆ. ಯುರೋಪಿನವರಿಗೆ ಹೋಲಿಸಿದರೆ ಭಾರತೀಯರಲ್ಲಿ ಇದು ಸರಾಸರಿ ಕಡಿಮೆ.

ನಮ್ಮಲ್ಲಿ ಅನೇಕರ ಚರ್ಮದಡಿಯ ಕಣಜ ಚಿಕ್ಕದು ಅನ್ನುವುದು ಇದಕ್ಕೆ ಕೊಡುವ ಒಂದು ವಿವರಣೆ. ಸ್ವಲ್ಪ ತುಂಬಿದರೂ ಹೊರಗೆ ಚೆಲ್ಲುತ್ತದೆ. ಚೆಲ್ಲುವ ಜಾಗ ಹೊಟ್ಟೆಯ ಒಳಗೆ, ಲಿವರಿನಲ್ಲಿ, ಸ್ನಾಯುವಿನಲ್ಲಿ. ಹಾಗಾಗಿ ನಮಗೆ ಬಿಎಂಐ 23 ದಾಟಿದರೇ ಅಧಿಕ ತೂಕ, 25 ದಾಟಿದರೆ ಬೊಜ್ಜು ಅಂತ ಲೆಕ್ಕ. ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ದಾಟಬಾರದು. ನಾನು ಸಭೆಗೆ ಹೋಗುವಾಗ ಟೈಲರ್ ಟೇಪು ತಗೊಂಡು ಹೋಗುತ್ತೇನೆ. ತೂಕದ ಮೆಷಿನ್ ಒಯ್ಯುವುದು ಬಿಟ್ಟಿದ್ದೇನೆ.

ಹೊಟ್ಟೆ ಕೊಬ್ಬು, ತೊಡೆ ಕೊಬ್ಬು ಎರಡೂ ಒಂದೇ ಅಲ್ವಾ?

ಅಲ್ಲ. ತೊಡೆ, ಪಿರ್ರೆಯ ಚರ್ಮದಡಿಯ ಕೊಬ್ಬು ಸಾಧು ಸ್ವಭಾವದ್ದು. ಹಿಡಿದದ್ದನ್ನು ಭದ್ರವಾಗಿ ಇಟ್ಟುಕೊಳ್ಳುತ್ತದೆ. ಹೊಟ್ಟೆಯೊಳಗೆ ಕರುಳಿನ ಸುತ್ತ ಇರುವುದು ಬೇಗ ಬಿಟ್ಟುಕೊಡುತ್ತದೆ, ಅದರ ರಕ್ತದ ಬಹುಪಾಲು ನೇರ ಲಿವರಿಗೆ ಹೋಗುತ್ತದೆ. ಅಲ್ಲಿ ಕೋಶಗಳು ಊದಿ ಸಾಯತೊಡಗಿದರೆ ಅವನ್ನು ತಿನ್ನಲು ಮ್ಯಾಕ್ರೊಫೇಜ್ ಎಂಬ ಬಿಳಿ ರಕ್ತಕಣಗಳು ಮುತ್ತಿಕೊಳ್ಳುತ್ತವೆ. ಟಿಎನ್‌ಎಫ್-ಆಲ್ಫಾ, ಐಎಲ್-6 ಮುಂತಾದ ಉರಿಯೂತದ ಪ್ರೋಟೀನು ಸುರಿಯುತ್ತದೆ. ಬೊಜ್ಜಿನ ಇಲಿಗಳ ಕೊಬ್ಬಿನಲ್ಲಿ ಟಿಎನ್‌ಎಫ್-ಆಲ್ಫಾ ಜಾಸ್ತಿ ಇದೆ, ಅದು ಇನ್ಸುಲಿನ್ ಕೆಲಸ ಕೆಡಿಸುತ್ತದೆ ಅಂತ 1993ರಲ್ಲಿ ತೋರಿಸಿದ ಮೇಲೆಯೇ ಬೊಜ್ಜಿಗೂ ಉರಿಯೂತಕ್ಕೂ ಇರುವ ನಂಟು ಬೆಳಕಿಗೆ ಬಂದದ್ದು. ಮುಟ್ಟು ನಿಂತ ಮೇಲೆ ಹೆಂಗಸರ ಕೊಬ್ಬೂ ತೊಡೆಯಿಂದ ಹೊಟ್ಟೆ ಕಡೆಗೆ ವಾಲುತ್ತದೆ, ಅದಕ್ಕೇ ಐವತ್ತರ ನಂತರ ನಾವೂ ಟೇಪು ಹಿಡಿಯಬೇಕು.

ಉಪ್ಪಾಗೆ ಕೊಬ್ಬು ಕರಗಿಸುತ್ತದೆ ಅಂತಾರೆ. ನಮ್ಮ ಕಾಡಿನದೇ ಅಲ್ವಾ, ತಿಂದರೇನು?

ಮಲೆನಾಡಿನಲ್ಲಿ ಈ ಪ್ರಶ್ನೆ ತಪ್ಪಿದ ಸಭೆ ಇಲ್ಲ. ಮಳೆಗಾಲದಲ್ಲಿ ಕಾಡಿಗೆ ಹೋಗಿ ಉಪ್ಪಾಗೆ ಎಂಬ ಹುಳಿ ಹಣ್ಣು ಆರಿಸಿ, ಸಿಪ್ಪೆ ಬಿಡಿಸಿ, ಒಲೆಯ ಮೇಲಿನ ಅಟ್ಟದಲ್ಲಿ ಹೊಗೆಗೆ ಒಣಗಿಸಿದ ಮನೆಗಳು ಎಷ್ಟೋ. ಕಪ್ಪಗೆ, ಚರ್ಮದಂತೆ ಮೆತ್ತಗೆ, ಹುಳಿಹುಳಿ ವಾಸನೆ. ಬೀಜದಿಂದ ತೆಗೆದ ಉಪ್ಪಾಗೆ ತುಪ್ಪ ಅಡುಗೆಗೂ ಬರುತ್ತದೆ. ಸಿಪ್ಪೆಯಲ್ಲಿರುವ ಮುಖ್ಯ ಹುಳಿ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಎಂದು 1965ರಲ್ಲಿ ಗುರುತಿಸಿದವರು ನಮ್ಮ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ವಿಜ್ಞಾನಿಗಳು. ಮುರುಗಲಿನಲ್ಲೂ (ಕೋಕಂ) ಇದು ಇದೆ.

ಈ ಆಮ್ಲ ಎಟಿಪಿ ಸಿಟ್ರೇಟ್ ಲಯೇಸ್ ಅನ್ನುವ ಕಿಣ್ವಕ್ಕೆ ಅಡ್ಡ ನಿಲ್ಲುತ್ತದೆ. ಸಕ್ಕರೆಯಿಂದ ಹೊಸದಾಗಿ ಕೊಬ್ಬು ಮಾಡುವ ದಾರಿಯಲ್ಲಿ ಆ ಕಿಣ್ವ ಬೇಕೇ ಬೇಕು. ಪ್ರಯೋಗದ ಕೊಳವೆಯಲ್ಲಿ, ಇಲಿಯಲ್ಲಿ ಪರಿಣಾಮ ಕಂಡಿತು. 1990ರ ದಶಕದಲ್ಲಿ ವಿದೇಶದಲ್ಲಿ ಮಾತ್ರೆಗಳು ಬಂದವು, ಇಲ್ಲಿ ಸಿಪ್ಪೆಗೆ ಬೇಡಿಕೆ ಏರಿತು, ಹಣ್ಣಾಗುವ ಮೊದಲೇ ಕಾಯಿ ಕೀಳಲು, ಕೊಂಬೆ ಕಡಿಯಲು ಶುರುವಾಯಿತು. ಒಣಗಿಸಲು ಸೌದೆ ಬೇರೆ.

1998ರಲ್ಲಿ 135 ಜನರ ಮೇಲೆ 12 ವಾರದ ಪರೀಕ್ಷೆಯ ಫಲಿತಾಂಶ ಅಮೆರಿಕದ ವೈದ್ಯಕೀಯ ಪತ್ರಿಕೆ ಜಾಮಾದಲ್ಲಿ ಬಂತು. ಉಪ್ಪಾಗೆ ಮಾತ್ರೆ ತಿಂದವರು ಸರಾಸರಿ 3.2 ಕೆಜಿ ಇಳಿದರು. ಸುಳ್ಳು ಮಾತ್ರೆ ತಿಂದವರು 4.1 ಕೆಜಿ ಇಳಿದರು. ಅಂದರೆ ಇಳಿದದ್ದು ಎರಡೂ ಗುಂಪಿಗೆ ಕೊಟ್ಟಿದ್ದ ಪಥ್ಯದಿಂದ, ಮಾತ್ರೆಯಿಂದಲ್ಲ. ಮನುಷ್ಯರಲ್ಲಿ ಹೊಸದಾಗಿ ಕೊಬ್ಬು ತಯಾರಾಗುವ ಪಾಲೇ ಸಣ್ಣದು, ಹೆಚ್ಚಿನದು ತಿಂದ ಜಿಡ್ಡಿನಿಂದ ಬರುತ್ತದೆ. ಆ ದಾರಿಗೆ ಅಡ್ಡ ಹಾಕಿ ಹೆಚ್ಚೇನು ಸಿಗುವುದು? ಮೇಲಾಗಿ ಈ ಮಾತ್ರೆಗಳಿಂದ ಲಿವರಿಗೆ ಪೆಟ್ಟಾದ ಪ್ರಕರಣಗಳೂ ವರದಿಯಾಗಿವೆ. ಸಾರಿಗೆ ಒಂದು ಚೂರು ಸಿಪ್ಪೆ ಹಾಕಿಕೊಳ್ಳಿ, ಮುರುಗಲಿನ ಪಾನಕ ಕುಡಿಯಿರಿ, ಎರಡೂ ಚೆಂದ. ಡಬ್ಬಿಯಲ್ಲಿ ತುಂಬಿದ ಸಾರಕ್ಕೆ ದುಡ್ಡು ಸುರಿಯಬೇಡಿ.

ಆಗುಂಬೆ ಚಳಿಮಳೆಯಲ್ಲಿ ನೆನೆದರೆ ಕೊಬ್ಬು ಉರಿಯುತ್ತದಾ?

ಇಲ್ಲಿ ಇನ್ನೊಂದು ಬಗೆಯ ಕೊಬ್ಬು ಇದೆ. ಕಂದು ಕೊಬ್ಬು. ಹುಟ್ಟಿದ ಮಗುವಿನ ಬೆನ್ನಿನಲ್ಲಿ, ಭುಜದ ಎಲುಬುಗಳ ನಡುವೆ ಇರುತ್ತದೆ. ಮಗುವಿಗೆ ನಡುಗಿ ಮೈ ಬೆಚ್ಚಗೆ ಮಾಡಿಕೊಳ್ಳಲು ಸರಿಯಾಗಿ ಬರುವುದಿಲ್ಲ, ಅದರ ಬದಲು ಈ ಕೊಬ್ಬು ಉರಿದು ಕಾವು ಕೊಡುತ್ತದೆ. ಕೆಲಸ ಮಾಡುವ ಪ್ರೋಟೀನು ಯುಸಿಪಿ1.

ಅದು ಏನು ಮಾಡುತ್ತದೆ ಅನ್ನುವುದಕ್ಕೆ ಶರಾವತಿಗಿಂತ ಒಳ್ಳೆ ಉದಾಹರಣೆ ನನಗೆ ಸಿಕ್ಕಿಲ್ಲ. ಲಿಂಗನಮಕ್ಕಿಯಲ್ಲಿ ನಿಲ್ಲಿಸಿದ ನೀರು ಪೈಪಿನಲ್ಲಿ ಇಳಿದು ಟರ್ಬೈನ್ ತಿರುಗಿಸಿದರೆ ಕರೆಂಟು. ಡ್ಯಾಮು 1819 ಅಡಿ ಮುಟ್ಟಿ ಗೇಟು ಎತ್ತಿದರೆ ಅದೇ ನೀರು ಜೋಗದಲ್ಲಿ ಧುಮುಕುತ್ತದೆ. ಅದರಿಂದ ಕರೆಂಟಿಲ್ಲ, ಬರೀ ಆರ್ಭಟ. ಜೀವಕೋಶದ ಶಕ್ತಿಮನೆಯಾದ ಮೈಟೊಕಾಂಡ್ರಿಯಾ ಕೂಡ ಹೀಗೇ ಪ್ರೋಟಾನು ಅನ್ನುವ ಕಣಗಳನ್ನು ಒಂದು ಬದಿ ಕೂಡಿಹಾಕಿ, ಅವು ಇಳಿಯುವಾಗ ಎಟಿಪಿ, ಅಂದರೆ ಕೋಶದ ಕರೆಂಟು, ಮಾಡುತ್ತದೆ. ಯುಸಿಪಿ1 ಗೇಟು ಎತ್ತುತ್ತದೆ. ಎಟಿಪಿ ಇಲ್ಲ, ಎಲ್ಲವೂ ಶಾಖ.

ದೊಡ್ಡವರಲ್ಲಿ ಕಂದು ಕೊಬ್ಬು ಉಳಿಯುವುದಿಲ್ಲ ಅಂತ ಬಹಳ ಕಾಲ ಹೇಳುತ್ತಿದ್ದರು, ನಾನೂ ಹಾಗೇ ಪಾಠ ಮಾಡಿದ್ದೇನೆ. 2009ರಲ್ಲಿ ಪೆಟ್ ಸ್ಕ್ಯಾನ್ ಮೂಲಕ ದೊಡ್ಡವರ ಕುತ್ತಿಗೆ, ಕಾಲರ್ ಎಲುಬಿನ ಮೇಲೆ ಇರುವುದು ಖಚಿತವಾಯಿತು. ಚಳಿಗೆ ಚುರುಕಾಗುತ್ತದೆ. ಆದರೆ ಪ್ರಮಾಣ ಸ್ವಲ್ಪ. ಮಳೆಯಲ್ಲಿ ನೆನೆದು ಬಂದು ಹಸಿವಾಗಿ ಎರಡು ಹೋಳಿಗೆ ಜಾಸ್ತಿ ತಿಂದರೆ ಲೆಕ್ಕ ಸಮ.

ಒಂದು ವಿಷಯ ಹೇಳದೆ ಇರಲಾರೆ. ಹಂದಿಗಳಲ್ಲಿ ಯುಸಿಪಿ1 ಜೀನ್ ಕೆಟ್ಟುಹೋಗಿದೆ. ಅದರ ಮರಿಗಳಿಗೆ ಈ ಹೀಟರ್ ಇಲ್ಲ. ನಮ್ಮ ಕಾಡುಹಂದಿ ಮರಿ ಹಾಕುವ ಮುಂಚೆ ಸೊಪ್ಪು, ಹುಲ್ಲು, ತರಗೆಲೆ ರಾಶಿ ಹಾಕಿ ಗೂಡು ಮಾಡುವುದನ್ನು ತೋಟದ ಅಂಚಿನಲ್ಲಿ ಕಂಡವರಿದ್ದಾರೆ. ಮೈಯಲ್ಲಿ ಇಲ್ಲದ ಬೆಚ್ಚಗೆಯನ್ನು ತಾಯಿ ಹೊರಗಿನಿಂದ ಕಟ್ಟಿಕೊಡುತ್ತಾಳೆ.

ಕಷ್ಟಪಟ್ಟು ಎಂಟು ಕೆಜಿ ಇಳಿಸಿದೆ. ವರ್ಷದಲ್ಲಿ ಮತ್ತೆ ಬಂತು. ಯಾಕೆ?

ಕೋಶ ಸೊರಗಿತು, ಆದರೆ ಸತ್ತು ಹೋಗಲಿಲ್ಲ. ಸ್ವೀಡನ್ನಿನ ಕರೋಲಿನ್ಸ್ಕಾ ಸಂಸ್ಥೆಯವರು 2008ರಲ್ಲಿ ಇದನ್ನು ಅಳೆದರು. ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಗೆ ಸೇರಿದ್ದ ಕಾರ್ಬನ್-14 ನಮ್ಮೆಲ್ಲರ ಕೋಶಗಳಲ್ಲೂ ಗುರುತು ಬಿಟ್ಟಿದೆ, ಅದರಿಂದ ಕೋಶದ ವಯಸ್ಸು ತಿಳಿಯುತ್ತದೆ. ವರ್ಷಕ್ಕೆ ಸುಮಾರು ಶೇ. 10ರಷ್ಟು ಕೊಬ್ಬಿನ ಕೋಶ ಹಳೆಯದು ಹೋಗಿ ಹೊಸದು ಬರುತ್ತದೆ. ಒಟ್ಟು ಸಂಖ್ಯೆ ಮಾತ್ರ ದೊಡ್ಡವರಾದ ಮೇಲೆ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, ತೂಕ ಇಳಿದ ಮೇಲೂ.

ಸೊರಗಿದ ಅಷ್ಟೂ ಕೋಶಗಳು ಲೆಪ್ಟಿನ್ ಕಡಿಮೆ ಮಾಡುತ್ತವೆ. ಮೆದುಳಿಗೆ ಅದು ಬರಗಾಲದ ಸುದ್ದಿ. ಹಸಿವು ಏರಿಸುತ್ತದೆ, ಖರ್ಚು ಇಳಿಸುತ್ತದೆ. ನೀವು ಸೋತಿರಿ ಅಂತಲ್ಲ, ಹಳೇ ಕಾಲದ ಬರಗಾಲಗಳಲ್ಲಿ ನಮ್ಮನ್ನು ಉಳಿಸಿದ ಏರ್ಪಾಡು ಈಗ ಅಡ್ಡ ಬರುತ್ತಿದೆ. ಹಾಗಾಗಿ ನಿಧಾನವಾಗಿ, ಸ್ವಲ್ಪ ಇಳಿಸಿ, ಅದನ್ನೇ ಹಿಡಿದುಕೊಳ್ಳಿ. ಶೇ. 5ರಷ್ಟು ಇಳಿದರೂ ಲಿವರ್ ಕೊಬ್ಬು, ಸಕ್ಕರೆ ಎರಡರಲ್ಲೂ ಫರಕು ಕಾಣುತ್ತದೆ.

ಕರಗಿದ ಕೊಬ್ಬು ಬೆವರಾಗಿ ಹೋಗುತ್ತದಾ?

ಹೆಚ್ಚಿನದು ಉಸಿರಾಗಿ ಹೋಗುತ್ತದೆ. 10 ಕೆಜಿ ಕೊಬ್ಬು ಪೂರ್ತಿ ಉರಿದರೆ 8.4 ಕೆಜಿ ಇಂಗಾಲದ ಡೈಆಕ್ಸೈಡಾಗಿ ಮೂಗಿನಿಂದ, 1.6 ಕೆಜಿ ನೀರಾಗಿ ಹೊರಬೀಳುತ್ತದೆ. ಹೊಟ್ಟೆಗೆ ಪಟ್ಟಿ ಬಿಗಿದು ಬೆವರಿಸಿದರೆ ಹೋಗುವುದು ನೀರು. ಒಂದೇ ಜಾಗದ ಕೊಬ್ಬು ಕರಗಿಸುವ ವ್ಯಾಯಾಮವೂ ಇಲ್ಲ.

ಲೆಪ್ಟಿನ್, ಅಡಿಪೊನೆಕ್ಟಿನ್ ರಕ್ತ ಪರೀಕ್ಷೆ ಮಾಡಿಸಬೇಕಾ?

ಬೇಡ. ದುಡ್ಡು ಜಾಸ್ತಿ, ಚಿಕಿತ್ಸೆ ಅದರಿಂದ ಬದಲಾಗುವುದಿಲ್ಲ. ಸಣ್ಣ ವಯಸ್ಸಿನಲ್ಲೇ ಹಸಿವು, ತೂಕ ಎರಡೂ ವಿಪರೀತ ಇರುವ ಮಗುವಿಗೆ ಮಾತ್ರ ತಜ್ಞರು ಲೆಪ್ಟಿನ್ ನೋಡಿಸಬಹುದು. ಉಳಿದವರು ಸೊಂಟದ ಅಳತೆ, ಬಿಪಿ, ಖಾಲಿ ಹೊಟ್ಟೆಯ ಸಕ್ಕರೆ, ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ, ಟ್ರೈಗ್ಲಿಸರೈಡ್, ಒಳ್ಳೆ ಕೊಲೆಸ್ಟರಾಲ್ ಅನ್ನುವ ಎಚ್‌ಡಿಎಲ್ ನೋಡಿಸಿಕೊಳ್ಳಿ.

ಹೊಸ ಇಂಜೆಕ್ಷನ್ ಬಂದಿದೆಯಂತೆ?

ಸೆಮಾಗ್ಲುಟೈಡ್, ಟಿರ್ಜೆಪಟೈಡ್. ತೂಕ ಇಳಿಸಲು 2025ರಲ್ಲಿ ಭಾರತದಲ್ಲೂ ಮಾರಾಟಕ್ಕೆ ಬಂದವು. ಇವು ಕೊಬ್ಬಿನ ಪ್ರೋಟೀನಲ್ಲ, ಕರುಳಿನ ಹಾರ್ಮೋನಿನ ನಕಲು. ಹಸಿವು ತಗ್ಗಿಸುತ್ತವೆ, ತೂಕ ಚೆನ್ನಾಗಿಯೇ ಇಳಿಯುತ್ತದೆ. ಬಿಟ್ಟರೆ ಬಹಳ ಜನರಿಗೆ ಮರಳುತ್ತದೆ, ಕಾರಣ ಮೇಲೆ ಹೇಳಿದ್ದೇ. ಡಾಕ್ಟರ ಜೊತೆ ಕೂತು ತೀರ್ಮಾನಿಸಬೇಕಾದ ವಿಷಯ, ಪಕ್ಕದ ಮನೆಯವರ ಚೀಟಿ ನೋಡಿ ತರುವುದಲ್ಲ.

ಹಾಗಾದರೆ ಕಡುಬು, ಹಪ್ಪಳ, ತುಪ್ಪ ಎಲ್ಲ ಬಿಡಬೇಕಾ?

ನಮ್ಮ ಅಡುಗೆಯಲ್ಲಿ ಬೈಯುವಂಥದ್ದು ಹೆಚ್ಚಿಲ್ಲ. ಒಂದೆಲಗದ ತಂಬುಳಿ, ಕಳಲೆ ಪಲ್ಯ, ಕೆಸುವಿನ ಪತ್ರೊಡೆ, ಹುರುಳಿ ಸಾರು, ಮಜ್ಜಿಗೆ ಎಲ್ಲ ಒಳ್ಳೆಯದೇ. ಬದಲಾದದ್ದು ಮೈ ಬಗ್ಗುವ ಕೆಲಸ. ನನ್ನ ಅಜ್ಜಿ ಬಾವಿಯಿಂದ ನೀರು ಸೇದಿ, ಒರಳಿನಲ್ಲಿ ರುಬ್ಬಿ, ದರಕು ಹೊತ್ತು ಕೊಟ್ಟಿಗೆಗೆ ತರುತ್ತಿದ್ದಳು. ಈಗ ಮೋಟಾರು, ಗ್ರೈಂಡರು. ತೋಟದಲ್ಲಿ ಕಳೆ ಕೊಚ್ಚುವ ಮೆಷಿನ್ನು, ಕೊನೆ ಇಳಿಸಲು ನೆಲದಲ್ಲೇ ನಿಂತು ಹಿಡಿಯುವ ಕಾರ್ಬನ್ ಫೈಬರ್ ದೋಟಿ. ಮರದಿಂದ ಬಿದ್ದು ಸೊಂಟ ಮುರಿದುಕೊಳ್ಳುವುದು ತಪ್ಪಿತು, ಅದು ದೊಡ್ಡ ವಿಷಯ, ಹಿಂದಕ್ಕೆ ಹೋಗೋಣ ಅಂತ ನಾನು ಖಂಡಿತ ಹೇಳುವುದಿಲ್ಲ. ಆದರೆ ತಟ್ಟೆಯಲ್ಲಿ ಅನ್ನದ ಗುಡ್ಡೆ ಅಜ್ಜಿ ಕಾಲದ್ದೇ ಉಳಿದಿದೆ.

ಅದನ್ನು ಮುಕ್ಕಾಲು ಮಾಡಿ. ಪಲ್ಯ, ಕಾಳು ಎರಡು ಪಟ್ಟು ಮಾಡಿ. ತುಪ್ಪ ಒಂದು ಚಮಚ ಇರಲಿ. ಊಟವಾದ ಮೇಲೆ ಕವಳ ಹಾಕಿಕೊಂಡು ಜಗುಲಿಯಲ್ಲಿ ಒರಗುವ ಬದಲು ತೋಟದ ತುದಿಯವರೆಗೆ ಒಂದು ಸುತ್ತು ಹೋಗಿ ಬನ್ನಿ. ಹೊಗೆಸೊಪ್ಪಿನ ಕವಳವಾದರೆ ಅದನ್ನೂ ಬಿಡಿ. ಹೊಸನಗರದ ಕಡೆಯ ಒಂದು ಸಂಘದಲ್ಲಿ ಹನ್ನೊಂದು ಹೆಂಗಸರು ಹೀಗೆ ರಾತ್ರಿ ಊಟದ ಮೇಲೆ ಟಾರ್ಚ್ ಹಿಡಿದು ನಡೆಯಲು ಶುರು ಮಾಡಿದ್ದಾರೆ. ಮಳೆಗಾಲದಲ್ಲಿ ಇಂಬಳದ ಕಾಟ, ಆಗ ಶಾಲೆಯ ಜಗುಲಿಯಲ್ಲೇ ಸುತ್ತು ಹಾಕುತ್ತಾರೆ. ಮುಂದಿನ ತಿಂಗಳು ಟೇಪು ತಗೊಂಡು ಬರುತ್ತೇನೆ ಅಂದಿದ್ದೇನೆ.